ಬೆತ್ಲೆಹೇಮಿನ ಶಾಂತಿದೀಪ: ಆರದಂತೆ ತಂದು, ಕಾಯ್ದು, ಹಂಚುವ ಬಗೆ

ಪ್ರತಿ ವರ್ಷ ಕ್ರಿಸ್‌ಮಸ್‌ಗೆ ಮುಂಚೆ ಬೆತ್ಲೆಹೇಮಿನಲ್ಲಿ, ಯೇಸು ಹುಟ್ಟಿದ ಸ್ಥಳವೆಂದು ನಂಬುವ ಗುಹೆಯಲ್ಲಿ ಒಂದು ದೀಪ ಹೊತ್ತಿಸುತ್ತಾರೆ. ಆ ಜ್ವಾಲೆ ವಿಮಾನದಲ್ಲಿ ಆಸ್ಟ್ರಿಯಾಕ್ಕೆ ಬರುತ್ತದೆ. ಅಲ್ಲಿಂದ ಸ್ಕೌಟ್ಸ್ ಮತ್ತು ಗೈಡ್ಸ್ ಮಕ್ಕಳು ಅದನ್ನು ದೀಪದಿಂದ ದೀಪಕ್ಕೆ ದಾಟಿಸುತ್ತ ಯುರೋಪಿನ ಊರೂರಿಗೆ ತಲುಪಿಸುತ್ತಾರೆ. ಕಡೆಗೆ ನಿಮ್ಮ ಕೈಗೆ ಬರುವ ಮೇಣದ ಬತ್ತಿ ಅಂಗಡಿಯಲ್ಲಿ ಸಿಗುವಂಥದ್ದೇ. ಅದರ ಮೇಲಿನ ಬೆಂಕಿ ಮಾತ್ರ ಆ ಗುಹೆಯಿಂದ ನಡುವೆ ಒಮ್ಮೆಯೂ ಕಡಿಯದೆ ಬಂದದ್ದು. ನಂದಾದೀಪ ಎಂದರೇನೆಂದು ಬಲ್ಲ ನಮಗೆ ಇದರ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಡಿಯದಂತೆ ನೋಡಿಕೊಳ್ಳುವುದೇ ಇಲ್ಲಿರುವ ಒಟ್ಟು ಕೆಲಸ. ಜರ್ಮನಿ, ಸ್ವಿಟ್ಜರ್ಲೆಂಡ್, ಇಟಲಿ, ಅಮೆರಿಕಗಳಲ್ಲಿ ಓದುವ, ದುಡಿಯುವ ಕನ್ನಡಿಗರಿದ್ದಾರೆ. ಅಲ್ಲಿನ ಸ್ಕೌಟ್ ತಂಡಗಳಲ್ಲಿ ಅವರ ಮಕ್ಕಳೂ ಇದ್ದಾರೆ. ಈ ದೀಪ ತರಲು ಹೊರಟವರಿಗೆ ಬೇಕಾಗುವ ಕೈಕೆಲಸದ ವಿವರ ಮುಂದಿದೆ.

ಮೊದಲು ದೀಪದ ದಾರಿ

ಶಾಂತಿದೀಪದ ಆರಂಭ 1986ರಲ್ಲಿ. ಆಸ್ಟ್ರಿಯಾದ ಸಾರ್ವಜನಿಕ ಪ್ರಸಾರ ಸಂಸ್ಥೆ ಓಆರ್‌ಎಫ್‌ನ ಲಿಂಟ್ಸ್ ನಗರದ ಕೇಂದ್ರ, ಅಂಗವಿಕಲರಿಗೆ ಮತ್ತು ಕಷ್ಟದಲ್ಲಿರುವವರಿಗೆ ಹಣ ಕೂಡಿಸುವ ‘ಲಿಕ್ಟ್ ಇನ್ಸ್ ಡುಂಕೆಲ್’, ಅಂದರೆ ‘ಕತ್ತಲೆಗೆ ಬೆಳಕು’ ಎಂಬ ಕಾರ್ಯಕ್ರಮದ ಭಾಗವಾಗಿ ಇದನ್ನು ಶುರುಮಾಡಿತು. ಮೇಲ್ ಆಸ್ಟ್ರಿಯಾ ಪ್ರಾಂತ್ಯದ ಒಂದು ಮಗುವನ್ನು ಪ್ರತಿ ವರ್ಷ ‘ಶಾಂತಿದೀಪದ ಮಗು’ ಎಂದು ಆರಿಸುತ್ತಾರೆ. ಆ ಮಗು ಬೆತ್ಲೆಹೇಮಿಗೆ ಹೋಗಿ, ಹದಿನಾಲ್ಕು ಮೊನೆಗಳ ಬೆಳ್ಳಿ ನಕ್ಷತ್ರವಿರುವ ಗುಹೆಯಲ್ಲಿ ದೀಪ ಹೊತ್ತಿಸುವುದು ವಾಡಿಕೆ. ಕೋವಿಡ್‌ ಕಾಡಿದ 2020ರಲ್ಲಿ ಪ್ರಯಾಣ ಸಾಧ್ಯವಾಗದೆ ಬೆತ್ಲೆಹೇಮಿನ ಮಗುವೇ ಹೊತ್ತಿಸಿತು. ವಿಮಾನದಲ್ಲಿ ತರಲು ಸ್ಫೋಟ ನಿರೋಧಕವಾದ ವಿಶೇಷ ಲಾಂದ್ರವಿದೆ, ವಿಮಾನ ಸಂಸ್ಥೆಯ ಪ್ರತ್ಯೇಕ ಅನುಮತಿಯೂ ಇರುತ್ತದೆ.

ಇನ್ನೊಂದು ದೀಪದ ಜೊತೆ ಇದನ್ನು ಬೆರೆಸಬೇಡಿ. ಜೆರುಸಲೇಮಿನ ಪವಿತ್ರ ಸಮಾಧಿಯ ಚರ್ಚಿನಲ್ಲಿ ಆರ್ಥೊಡಾಕ್ಸ್ ಕ್ರೈಸ್ತರು ಈಸ್ಟರಿನ ಮುನ್ನಾದಿನ ಪಡೆಯುವ ‘ಪವಿತ್ರ ಅಗ್ನಿ’ ಬೇರೆ. ಅದನ್ನು ಪವಾಡವೆಂದು ನಂಬುತ್ತಾರೆ. ಶಾಂತಿದೀಪಕ್ಕೆ ಅಂಥ ನಂಬಿಕೆಯೇನೂ ಇಲ್ಲ. ಇದೊಂದು ಸಂಕೇತ. ಯಾವ ಧರ್ಮದವರೂ ತೆಗೆದುಕೊಂಡು ಹೋಗಬಹುದು, ಸ್ಕೌಟ್ ಆಗಿರಲೇಬೇಕೆಂದಿಲ್ಲ.

ವಿಯೆನ್ನಾದಲ್ಲಿ (ಕೆಲವು ವರ್ಷ ಆಸ್ಟ್ರಿಯಾದ ಬೇರೆ ನಗರದಲ್ಲಿ) ನಾನಾ ಪಂಗಡಗಳ ಕ್ರೈಸ್ತರು ಸೇರಿ ನಡೆಸುವ ಪ್ರಾರ್ಥನೆಯಲ್ಲಿ, ಹಲವು ದೇಶಗಳಿಂದ ಬಂದ ಸ್ಕೌಟ್ ಪ್ರತಿನಿಧಿಗಳು ದೀಪ ಪಡೆದು ರೈಲು ಹತ್ತುತ್ತಾರೆ. ಜರ್ಮನಿಯಲ್ಲಿ ದೊಡ್ಡ ರೈಲು ನಿಲ್ದಾಣಗಳಲ್ಲೇ ಹಸ್ತಾಂತರ ನಡೆಯುತ್ತದೆ. ಜೆಕ್ ಸ್ಕೌಟರು ಬ್ರ್ನೊ ನಗರಕ್ಕೆ ತಂದು ಅಲ್ಲಿಂದ ರೈಲುಗಳಲ್ಲಿ ದೇಶಕ್ಕೆಲ್ಲ ಹಂಚುತ್ತಾರೆ. ಇಟಲಿಗೆ ಬಾಗಿಲು ತ್ರಿಯೆಸ್ತೆ. ಪೋಲೆಂಡಿಗೆ 1991ರಿಂದ ದೀಪ ಹೋಗುತ್ತಿದ್ದು, ಸ್ಲೊವಾಕ್ ಸ್ಕೌಟರು ಅದನ್ನು ಪೋಲಿಷ್ ಸ್ಕೌಟರ ಕೈಗೆ ಕೊಡುತ್ತಾರೆ. ಪೋಲಿಷರು ಅದನ್ನು ಉಕ್ರೇನ್, ಲಿಥುವೇನಿಯಾಗಳಿಗೆ ದಾಟಿಸುತ್ತಾರೆ. ಸ್ವಿಟ್ಜರ್ಲೆಂಡಿನಲ್ಲಿ ದೀಪ ಬಂದಿಳಿಯುವ ಊರುಗಳಲ್ಲಿ ಬಾಸೆಲ್ ಕೂಡ ಒಂದು. ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಶನ್ನಿನಿಂದಾಗಿ, ಕಿಟ್ಟೆಲರ ನಿಘಂಟಿನಿಂದಾಗಿ ಕನ್ನಡಿಗರಿಗೆ ತೀರಾ ಪರಿಚಿತವಾದ ಹೆಸರು ಅದು. ಅಮೆರಿಕದಲ್ಲಿ ನ್ಯೂಯಾರ್ಕಿನ ಕೆನಡಿ ವಿಮಾನ ನಿಲ್ದಾಣದ ಪ್ರಾರ್ಥನಾ ಮಂದಿರದಿಂದ ಸ್ವಯಂಸೇವಕರು ಕಾರುಗಳಲ್ಲಿ ರಾಜ್ಯದಿಂದ ರಾಜ್ಯಕ್ಕೆ ಒಯ್ಯುತ್ತಾರೆ.

ದಿನ ಲೆಕ್ಕ, ಎಣ್ಣೆ ಲೆಕ್ಕ

ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳನ್ನು ಒಳಗೊಂಡ ಆಗಮನ ಕಾಲದ ಮೂರನೇ ಭಾನುವಾರ ಯಾವಾಗಲೂ ಡಿಸೆಂಬರ್ 11ರಿಂದ 17ರ ಒಳಗೆ ಬರುತ್ತದೆ. ವಿಯೆನ್ನಾದ ಹಸ್ತಾಂತರ ಸಾಮಾನ್ಯವಾಗಿ ಅದರ ಹಿಂದಿನ ಶನಿವಾರ. ಜರ್ಮನಿ, ಸ್ವಿಟ್ಜರ್ಲೆಂಡ್‌ಗಳಲ್ಲಿ ಆ ಭಾನುವಾರವೇ ದೀಪ ಸಿಗುತ್ತದೆ. 2026ರಲ್ಲಿ ಆ ಭಾನುವಾರ ಡಿಸೆಂಬರ್ 13. ಅಂದು ಸಂಜೆ ತಂದರೆ 24ರ ಸಂಜೆಯವರೆಗೆ 11 ದಿನ, ಅಂದರೆ 264 ಗಂಟೆ ದೀಪ ಉರಿಯಬೇಕು. ಮೊದಲ ಸಲ ಕೈಹಾಕಿದವರು ಎಡವುವುದು ಇಲ್ಲೇ. ದೀಪ ತರುವ ಸಂಭ್ರಮದಲ್ಲಿ ಮೂರನೇ ರಾತ್ರಿ ಎಣ್ಣೆ ತೀರಿರುತ್ತದೆ.

ಲೆಕ್ಕ ಹೀಗೆ ಹಾಕಿ. ಬಹಳ ಜನ ಬಳಸುವ ಫ್ಯೂಯರ್‌ಹ್ಯಾಂಡ್ 276 ಲಾಂದ್ರದ ತೊಟ್ಟಿಗೆ 340 ಮಿಲಿಲೀಟರ್ ಎಣ್ಣೆ ಹಿಡಿಯುತ್ತದೆ, ಸುಮಾರು 20 ಗಂಟೆ ಉರಿಯುತ್ತದೆ. ಗಂಟೆಗೆ 17 ಮಿಲಿಲೀಟರ್ ಆಯಿತು. 264 ಗಂಟೆಗೆ ನಾಲ್ಕೂವರೆ ಲೀಟರ್. ಎರಡು ಲಾಂದ್ರವಾದರೆ ಇದರ ಎರಡರಷ್ಟು. ಬತ್ತಿ ತಗ್ಗಿಸಿದರೆ ಖರ್ಚು ಇಳಿಯುವುದು ನಿಜ, ಆದರೆ ತೀರಾ ತಗ್ಗಿಸಿದ ಬತ್ತಿ ಸಣ್ಣ ಗಾಳಿಗೂ ಆರುತ್ತದೆ.

ಹಾಗಾಗಿ ದಾರಿಗೆ ಲಾಂದ್ರ, ಊರು ಸೇರಿದ ಮೇಲೆ ಬಹುದಿನ ಉರಿಯುವ ಡಬ್ಬಿ ಮೇಣದ ಬತ್ತಿ ಒಳ್ಳೆಯದು. ಯುರೋಪಿನಲ್ಲಿ ಸಮಾಧಿಗಳ ಮೇಲೆ ಇಡುವ ಕೆಂಪು, ಬಿಳಿ ಡಬ್ಬಿಯ ದೀಪಗಳು ಇವೇ. ನವೆಂಬರ್ 2ರ ಮೃತರ ಸ್ಮರಣೆಯ ಹೊತ್ತಿಗೆ ಪ್ರತಿ ದಿನಸಿ ಅಂಗಡಿಗೂ ಬಂದಿರುತ್ತವೆ, ಆಗಲೇ ಕೊಂಡಿಡಿ. ಮೂರು ದಿನದ್ದೆಂದು ಬರೆದಿದ್ದರೆ ಲೆಕ್ಕಕ್ಕೆ ನಾಲ್ಕು ಸಾಕು, ತರಬೇಕಾದದ್ದು ಆರು. ಡಬ್ಬಿಯ ಮೇಲೆ ಬರೆದ ಅವಧಿ ಗಾಳಿಯಿಲ್ಲದ ಜಾಗಕ್ಕೆ ಅನ್ವಯ, ಹೊರಗಿಟ್ಟರೆ ಬೇಗ ಮುಗಿಯುತ್ತದೆ. ತಟ್ಟೆಯಂಥ ಪುಟ್ಟ ಅಲ್ಯೂಮಿನಿಯಂ ಬತ್ತಿಗಳು ನಾಲ್ಕು ಗಂಟೆಯಷ್ಟೇ ಬರುತ್ತವೆ. ಅವು ಹಂಚುವುದಕ್ಕೆ ಸರಿ, ಕಾಯುವುದಕ್ಕಲ್ಲ.

ಜೊತೆಗೆ ಇರಬೇಕಾದವು: ಎರಡು ಲಾಂದ್ರ, ಮುಚ್ಚಳ ಬಿಗಿಯಾಗಿ ಕೂರುವ ಸೀಸೆಯಲ್ಲಿ ಶುದ್ಧೀಕರಿಸಿದ ಪ್ಯಾರಾಫಿನ್ ದೀಪದೆಣ್ಣೆ, ತೆಳ್ಳಗೆ ಉದ್ದವಿರುವ ನಾಲ್ಕಾರು ಮೇಣದ ಬತ್ತಿ, ಎರಡು ಕಬ್ಬಿಣದ ಬಕೆಟ್, ತಳದಲ್ಲಿ 5 ಸೆಂಟಿಮೀಟರ್ ಒಣ ಮರಳು, ಕತ್ತರಿ, ಬೆಂಕಿ ಆರಿಸುವ ಕಂಬಳಿ ಅಥವಾ ಪುಟ್ಟ ಅಗ್ನಿಶಾಮಕ, ದಪ್ಪ ಕೈಗವಸು. ಲಾಂದ್ರಕ್ಕೆ ಪೆಟ್ರೋಲ್, ಸ್ಪಿರಿಟ್ ಯಾವತ್ತೂ ಹಾಕಬಾರದು. ದೀಪದೆಣ್ಣೆಯನ್ನು ನೀರಿನ ಬಾಟಲಿಗೆ ಸುರಿದಿಡುವುದೂ ಬೇಡ. ಮಗು ಒಂದು ಗುಟುಕು ಕುಡಿದರೂ ಅದು ಶ್ವಾಸಕೋಶಕ್ಕೆ ಇಳಿದು ಪ್ರಾಣಕ್ಕೆ ಎರವಾಗಬಹುದು.

ಲಾಂದ್ರ ಸಜ್ಜುಮಾಡುವುದು

ಹಳ್ಳಿಮನೆಗಳಲ್ಲಿ ಲಾಟೀನು ನೋಡಿದವರಿಗೆ ಇದರ ರಚನೆ ಗೊತ್ತು. ಅಕ್ಕಪಕ್ಕದ ಎರಡು ಕೊಳವೆಗಳ ಮೂಲಕ ಗಾಳಿ ಬತ್ತಿಯ ಬುಡಕ್ಕೆ ಇಳಿಯುತ್ತದೆ. ಬೀಸುಗಾಳಿ ನೇರವಾಗಿ ಜ್ವಾಲೆಗೆ ತಾಗುವುದಿಲ್ಲ. ಆದ್ದರಿಂದಲೇ ಬಿರುಗಾಳಿಯಲ್ಲೂ ಅದು ಉರಿಯುತ್ತದೆ. ಆದರೆ ಥಟ್ಟನೆ ಮೇಲೆತ್ತಿದರೆ, ಧಪ್ಪೆಂದು ನೆಲಕ್ಕಿಟ್ಟರೆ ಕೊಳವೆಯೊಳಗಿನ ಗಾಳಿಯ ಹರಿವು ಕಡಿದು ದೀಪ ಆರುತ್ತದೆ. ಗಾಳಿಗಿಂತ ಅವಸರಕ್ಕೆ ಆರಿದ ಲಾಂದ್ರಗಳೇ ಹೆಚ್ಚು. ಮೆಟ್ಟಿಲಿಳಿಯುವಾಗ, ರೈಲು ಹತ್ತುವಾಗ ನಿಧಾನವಾಗಿ, ಕೈ ಆಡಿಸದೆ ಹಿಡಿಯುವುದನ್ನು ಮಕ್ಕಳಿಗೆ ಹಿಂದಿನ ದಿನವೇ ರೂಢಿಮಾಡಿಸಿ.

ಹೊಸ ಬತ್ತಿಯಾದರೆ ಎಣ್ಣೆ ತುಂಬಿ ಕನಿಷ್ಠ ಅರ್ಧ ಗಂಟೆ ಬಿಡಿ. ಎಣ್ಣೆ ಮೇಲೇರುವ ಮುಂಚೆ ಹಚ್ಚಿದರೆ ಬತ್ತಿಯೇ ಸುಟ್ಟುಹೋಗುತ್ತದೆ. ಬತ್ತಿಯ ತುದಿ ನೇರವಾಗಿ ಕತ್ತರಿಸಿ, ಎರಡು ಮೂಲೆಗಳನ್ನು ಚೂರು ಮೊಟಕು ಮಾಡಿ. ಮೂಲೆ ಚೂಪಾಗಿ ಉಳಿದರೆ ಜ್ವಾಲೆಗೆ ಕೊಂಬು ಮೂಡಿ ಗಾಜು ಮಸಿ ಹಿಡಿಯುತ್ತದೆ. ತೊಟ್ಟಿಯನ್ನು ಕಂಠಪೂರ್ತಿ ತುಂಬಬೇಡಿ, ಕಾದ ಎಣ್ಣೆ ಹಿಗ್ಗಿ ಹೊರಸೂಸುತ್ತದೆ. ಹೊರಡುವ ಹಿಂದಿನ ರಾತ್ರಿ ಎರಡೂ ಲಾಂದ್ರ ಹಚ್ಚಿ ಆರು ಗಂಟೆ ಉರಿಸಿ ನೋಡಿ. ಸೋರುವ ತೊಟ್ಟಿ ರೈಲಿನಲ್ಲಿ ಗೊತ್ತಾಗುವುದಕ್ಕಿಂತ ಮನೆಯಂಗಳದಲ್ಲಿ ಗೊತ್ತಾಗುವುದು ಮೇಲು.

ಗಾಜಿನ ಬಾಗಿಲಿರುವ ಅಲಂಕಾರದ ಪೆಟ್ಟಿಗೆ ದೀಪಗಳೂ ಇವೆ. ಕೆಳಗೂ ಮೇಲೂ ಗಾಳಿಕಂಡಿ ಇರುವುದನ್ನೇ ಆರಿಸಿ. ಮೇಲಷ್ಟೇ ಕಂಡಿ ಇದ್ದರೆ ಒಳಗೆ ಕಾವು ನಿಂತು ಮೇಣದ ಬತ್ತಿ ನಡುವಿನಿಂದಲೇ ಮೆತ್ತಗಾಗಿ ಬಾಗುತ್ತದೆ, ತನ್ನದೇ ಕರಗಿದ ಮೇಣದಲ್ಲಿ ಬತ್ತಿ ಮುಳುಗಿ ಆರುತ್ತದೆ.

ದೀಪದಿಂದ ದೀಪಕ್ಕೆ

ಉರಿಯುವ ಬತ್ತಿ ನೆಟ್ಟಗೆ ಇರಬೇಕು, ಉರಿಯದ ಬತ್ತಿ ಬಾಗಬೇಕು. ಕೊಡುವವರು ಬಾಗಿಸಿದರೆ ಕಾದ ಮೇಣ ಪಡೆಯುವವರ ಕೈಮೇಲೆ ಸುರಿಯುತ್ತದೆ, ತಮ್ಮ ಬತ್ತಿಯೂ ಆರಬಹುದು. ನೂರು ಮಕ್ಕಳು ಸೇರಿದ ಕಡೆ ಇದನ್ನು ಎರಡು ಸಲ ಗಟ್ಟಿಯಾಗಿ ಹೇಳಿ, ಮಾಡಿ ತೋರಿಸಿ. ಪ್ರತಿ ಬತ್ತಿಯ ಬುಡಕ್ಕೆ ದಪ್ಪ ಕಾಗದದ ತೂತುಬಿಲ್ಲೆ ಹಾಕಿಸಿ, ಉದ್ದ ಕೂದಲು ಕಟ್ಟಿಸಿ, ಶಾಲು ಜಾಕೀಟಿನೊಳಗೆ ಸೇರಿಸಲು ಹೇಳಿ. ಡಿಸೆಂಬರಿನ ಚಳಿಗೆ ತೊಡುವ ನೈಲಾನ್ ಜಾಕೀಟುಗಳು ಬೆಂಕಿಗೆ ಕರಗಿ ಚರ್ಮಕ್ಕೆ ಅಂಟುತ್ತವೆ. ಇದರಲ್ಲಿ ಸಡಿಲ ಬಿಡುವಂತಿಲ್ಲ.

ಲಾಂದ್ರಕ್ಕೆ ದಾಟಿಸುವಾಗ ಉದ್ದನೆಯ ತೆಳು ಮೇಣದ ಬತ್ತಿ ಬೇಕೇ ಬೇಕು. ಲಾಂದ್ರದ ಗಾಜನ್ನು ಎತ್ತುಗೋಲಿನಿಂದ ಮೇಲೆತ್ತಿ, ಬತ್ತಿ ಸ್ವಲ್ಪ ಏರಿಸಿ ತಾಗಿಸಿ, ಹತ್ತಿದೊಡನೆ ಗಾಜು ಇಳಿಸಿ ಬತ್ತಿ ತಗ್ಗಿಸಿ. ಹತ್ತು ನಿಮಿಷದ ಮೇಲೆ ಮತ್ತೆ ನೋಡಿ. ಲಾಂದ್ರ ಕಾದಂತೆ ಜ್ವಾಲೆ ತಾನೇ ಬೆಳೆದು ಹೊಗೆ ಕಾರತೊಡಗುತ್ತದೆ, ಆಗ ಇನ್ನಷ್ಟು ತಗ್ಗಿಸಬೇಕು. ಕಾದ ಗಾಜಿಗೆ ಮಳೆಹನಿ, ಹಿಮ ಬೀಳದಂತೆ ನೋಡಿಕೊಳ್ಳಿ, ಬಿರುಕು ಬಿಡಬಹುದು. ಬಯಲಲ್ಲಿ ಹಸ್ತಾಂತರವಾದರೆ ನಾಲ್ಕು ಜನ ಗಾಳಿಗೆ ಬೆನ್ನುಕೊಟ್ಟು ಒತ್ತಾಗಿ ನಿಂತು ಗೋಡೆ ಕಟ್ಟಿ.

ಇಷ್ಟರಲ್ಲೇ ಎರಡನೇ ಲಾಂದ್ರಕ್ಕೂ ದಾಟಿಸಿರಬೇಕು. ನಿಲ್ದಾಣದಿಂದ ಹೊರಬೀಳುವ ಮುಂಚೆ ನಿಮ್ಮಲ್ಲಿ ಎರಡು ಜ್ವಾಲೆ ಇರಬೇಕು, ಎರಡೂ ಬೇರೆ ಬೇರೆ ಕೈಯಲ್ಲಿ. ಮನೆ ಸೇರುವ ತನಕ ಎರಡನ್ನೂ ಒಬ್ಬರೇ ಹಿಡಿಯಬಾರದು. ಒಬ್ಬರು ಎಡವಿದರೆ ಎರಡೂ ಹೋದವು.

ರೈಲು, ಕಾರು

ರೈಲಿನಲ್ಲಿ ದೀಪ ಒಯ್ಯಲು ಸಿಗುವ ಅನುಮತಿ ಆ ದಿನಕ್ಕೆ, ಸ್ಕೌಟ್ ಸಂಘಟನೆಗಳು ರೈಲ್ವೆಯೊಡನೆ ಮಾಡಿಕೊಂಡ ಏರ್ಪಾಡಿಗೆ ಮಾತ್ರ. ಉಳಿದ ದಿನ, ಉಳಿದವರಿಗೆ ಉರಿಯುವ ಬೆಂಕಿ ನಿಷಿದ್ಧವೆಂದೇ ತಿಳಿಯಿರಿ. ಆ ವರ್ಷದ ಸೂಚನೆಯನ್ನು ನಿಮ್ಮ ಪ್ರಾಂತ್ಯದ ಸಂಘಟಕರಿಂದ ಪಡೆದು ಮುದ್ರಿಸಿಕೊಂಡು ಹೋಗಿ, ಟಿಕೆಟ್ ನೋಡಲು ಬಂದವರಿಗೆ ತಾವಾಗಿಯೇ ತೋರಿಸಿ. ಮೆಟ್ರೊ, ಟ್ರಾಮು, ಬಸ್ಸುಗಳಿಗೆ ಬೇರೆಯದೇ ನಿಯಮವಿರುತ್ತದೆ, ಪ್ರತ್ಯೇಕವಾಗಿ ಕೇಳಿ. ಬೋಗಿಯಲ್ಲಿ ಲಾಂದ್ರವನ್ನು ಮರಳಿನ ಬಕೆಟ್ಟಿನಲ್ಲಿಟ್ಟು ಕಾಲಿನ ನಡುವೆ ನೆಲದ ಮೇಲೆ ಇರಿಸಿ. ಮೇಜಿನ ಮೇಲೆ, ಸಾಮಾನಿನ ಅಟ್ಟದ ಕೆಳಗೆ, ಹೊಗೆಪತ್ತೆ ಯಂತ್ರದ ಅಡಿಯಲ್ಲಿ ಬೇಡ. ಕಾವಲಿಗೆ ಇಬ್ಬರಿರಲಿ, ಒಬ್ಬರು ಶೌಚಕ್ಕೆ ಎದ್ದರೆ ಇನ್ನೊಬ್ಬರು ಅಲ್ಲೇ ಕೂರಬೇಕು. ಪ್ಲಾಟ್‌ಫಾರ್ಮಿನಲ್ಲಿ ನಿಲ್ಲದೆ ಓಡುವ ರೈಲಿನ ಗಾಳಿಗೆ ಪೆಟ್ಟಿಗೆ ದೀಪಗಳು ಆರುವುದು ಸಾಮಾನ್ಯ. ಗೋಡೆಯ ಮರೆಗೆ ಸರಿದು ನಿಲ್ಲಿ.

ಕಾರಿನಲ್ಲಿ ದೀಪದ ಜಾಗ ಹಿಂದಿನ ಸೀಟಿನ ಮುಂದಿರುವ ನೆಲ. ಡಿಕ್ಕಿಯಲ್ಲಿ, ಸೀಟಿನ ಮೇಲೆ, ತೊಡೆಯ ಮೇಲೆ ಇಡುವಂತಿಲ್ಲ. ಅದರ ಪಕ್ಕ ಕೂತವರಿಗೆ ದೀಪ ನೋಡುವುದನ್ನು ಬಿಟ್ಟು ಬೇರೆ ಕೆಲಸ ಕೊಡಬೇಡಿ, ದಾರಿ ತೋರಿಸುವ ಕೆಲಸವನ್ನೂ. ಎದುರುಬದುರಿನ ಎರಡು ಕಿಟಕಿ ಒಂದು ಬೆರಳಷ್ಟು ತೆರೆದಿರಲಿ. ಮುಚ್ಚಿದ ಕಾರಿನಲ್ಲಿ ಉರಿಯುವ ದೀಪ ಆಮ್ಲಜನಕ ತಿನ್ನುತ್ತದೆ, ಸರಿಯಾಗಿ ಉರಿಯದಿದ್ದರೆ ಕಾರ್ಬನ್ ಮಾನಾಕ್ಸೈಡ್ ಕೂಡುತ್ತದೆ, ಅದಕ್ಕೆ ವಾಸನೆಯೇ ಇಲ್ಲ. ಗಂಟೆಗೊಮ್ಮೆ ನಿಲ್ಲಿಸಿ ಬಾಗಿಲು ತೆರೆಯಿರಿ, ಜ್ವಾಲೆ ನೋಡಿ. ಯಾರಿಗಾದರೂ ತಲೆನೋವು, ಮಂಪರು ಎನಿಸಿದರೆ ಅಲ್ಲೇ ನಿಲ್ಲಿಸಿ.

ಪೆಟ್ರೋಲ್ ಬಂಕಿನ ವಿಷಯ ಬಹಳ ಜನಕ್ಕೆ ಹೊಳೆಯುವುದೇ ಇಲ್ಲ. ಉರಿಯುವ ದೀಪವಿರುವ ಕಾರು ಬಂಕಿನ ಆವರಣಕ್ಕೆ ಕಾಲಿಡಬಾರದು. ದೀಪ ಪಡೆಯುವ ಮುಂಚೆಯೇ ಟ್ಯಾಂಕ್ ತುಂಬಿಸಿ. ದೂರದ ದಾರಿಯಾದರೆ ಎರಡು ಕಾರು ಹೋಗಲಿ. ಒಂದು ಎಣ್ಣೆ ಹಾಕಿಸಿಕೊಳ್ಳಲು ಹೋದಾಗ ಎರಡೂ ದೀಪ ಇನ್ನೊಂದರ ಬಳಿ, ಬಂಕಿನಿಂದ ಸಾಕಷ್ಟು ದೂರದ ನಿಲುಗಡೆಯಲ್ಲಿ ಕಾಯಲಿ. ಒಂದೇ ಕಾರಿದ್ದರೆ ಇಬ್ಬರು ದೀಪದೊಡನೆ ಇಳಿದು ನಿಲ್ಲಬೇಕು.

ಹನ್ನೊಂದು ರಾತ್ರಿ

ಮನೆಯಲ್ಲಿ ಇಡಲು ಎಲ್ಲಕ್ಕಿಂತ ಒಳ್ಳೆಯ ಜಾಗ ಬಚ್ಚಲಿನ ತೊಟ್ಟಿ. ಹೆಂಚಿನ ನೆಲ, ಸುತ್ತ ಪರದೆಯಿಲ್ಲ, ಬೆಕ್ಕು ಉರುಳಿಸಿದರೂ ಹೊತ್ತುವಂಥದ್ದೇನೂ ಇಲ್ಲ. ಪ್ಲಾಸ್ಟಿಕ್ ತೊಟ್ಟಿಯಾದರೆ ಮರಳಿನ ಬಕೆಟ್ಟಿನೊಳಗೆ ಇಡಿ. ಹೊಗೆಪತ್ತೆ ಯಂತ್ರವನ್ನು ಬಂದ್ ಮಾಡಬೇಡಿ. ಅದು ಕೂಗಿದರೆ ಬತ್ತಿ ಹೊಗೆ ಕಾರುತ್ತಿದೆ ಎಂದೇ ಅರ್ಥ, ಬತ್ತಿ ಸರಿಮಾಡಿ.

ಆದರೂ ಎಲ್ಲರೂ ಮಲಗಿದ ಮನೆಯಲ್ಲಿ ಬೆಂಕಿ ಬಿಡುವುದು ಒಳ್ಳೆಯದಲ್ಲ. ಸರದಿ ಕಟ್ಟುವುದೇ ಸರಿಯಾದ ದಾರಿ. ಚರ್ಚಿನ ಕಲ್ಲಿನ ಗೂಡು, ಅಗ್ನಿಶಾಮಕ ಠಾಣೆ, ರಾತ್ರಿಪಾಳಿ ಇರುವ ಯಾವುದಾದರೂ ಕಡೆ ಒಂದು ದೀಪ ಖಾಯಂ ಇರಲಿ. ಮನೆಯಲ್ಲಿ ರಾತ್ರಿ ಆರಿಸಿ ಬೆಳಿಗ್ಗೆ ಅಲ್ಲಿಂದ ತಂದರೂ ಎಳೆ ಕಡಿದಂತಾಗುವುದಿಲ್ಲ. ಆಸ್ಟ್ರಿಯಾದಲ್ಲಿ ಹೀಗೆಯೇ ನಡೆಯುತ್ತದೆ. ರೈಲು ನಿಲ್ದಾಣ, ರೆಡ್ ಕ್ರಾಸ್ ಕಚೇರಿ, ಅಗ್ನಿಶಾಮಕ ಠಾಣೆಗಳಲ್ಲಿ ದೀಪ ಸಿಗುತ್ತದೆ. 24ರಂದು ಅಗ್ನಿಶಾಮಕ ದಳದ ಕಿರಿಯರ ಪಡೆ ಮನೆಮನೆಗೂ ಒಯ್ಯುತ್ತದೆ.

ಎಣ್ಣೆ ಮರುತುಂಬುವ ಕ್ರಮವನ್ನು ಕಾಗದದಲ್ಲಿ ಬರೆದು ದೀಪದ ಪಕ್ಕ ಅಂಟಿಸಿ, ಏಕೆಂದರೆ ನಿದ್ದೆಗಣ್ಣಿನಲ್ಲಿ ತಪ್ಪುವುದು ಇದೇ:

1. ಮೊದಲು ಎರಡನೇ ದೀಪ ಚೆನ್ನಾಗಿ ಉರಿಯುತ್ತಿದೆಯೇ ನೋಡಿ. ಐದು ನಿಮಿಷ ಕಾಯಿರಿ.
2. ಆಮೇಲೆ ಖಾಲಿಯಾಗುತ್ತಿರುವ ಲಾಂದ್ರ ಆರಿಸಿ. ಉರಿಯುವಾಗ ಎಂದೂ ಎಣ್ಣೆ ಸುರಿಯಬೇಡಿ.
3. ಗಾಜು, ತೊಟ್ಟಿ ಕೈಯಲ್ಲಿ ಮುಟ್ಟುವಷ್ಟು ತಣಿಯಲಿ.
4. ಉರಿಯುವ ದೀಪದಿಂದ ದೂರ, ಬೇರೆ ಕೋಣೆಯಲ್ಲಿ ಎಣ್ಣೆ ತುಂಬಿ, ಚೆಲ್ಲಿದ್ದನ್ನು ಒರೆಸಿ, ಸೀಸೆಯ ಮುಚ್ಚಳ ಹಾಕಿ.
5. ತೆಳು ಮೇಣದ ಬತ್ತಿಯಿಂದ ಮತ್ತೆ ಹೊತ್ತಿಸಿ.

ತೀರಾ ಬರಿದಾಗುವವರೆಗೆ ಕಾಯದೆ ಕಾಲು ತೊಟ್ಟಿ ಉಳಿದಾಗಲೇ ಇದನ್ನು ಮಾಡಿ.

ಯಾರಿಗೆ, ಹೇಗೆ ಕೊಡುವುದು

ಶಾಂತಿದೀಪ ಮಾರುವ ವಸ್ತುವಲ್ಲ. ಮೇಣದ ಬತ್ತಿಯ ಖರ್ಚಿಗೆ ಡಬ್ಬಿ ಇಡಬಹುದು, ಬೆಂಕಿಗೆ ಬೆಲೆ ಕಟ್ಟಬಾರದು. ವೃದ್ಧಾಶ್ರಮ, ಆಸ್ಪತ್ರೆ, ನಿರಾಶ್ರಿತರ ವಸತಿಗಳಿಗೆ ಒಯ್ಯುವುದೇ ಯುವಕರ ತಂಡಗಳು ಮಾಡಬಹುದಾದ ಅತ್ಯುತ್ತಮ ಕೆಲಸ. ಆದರೆ ಒಂದು ವಾರ ಮುಂಚೆ ಕೇಳಿ ಹೋಗಿ. ಆಮ್ಲಜನಕ ಕೊಡುತ್ತಿರುವ ರೋಗಿಯ ಕೋಣೆಗೆ ಜ್ವಾಲೆ ಖಂಡಿತ ಒಯ್ಯಬಾರದು. ಅಲ್ಲಿ ಬಟ್ಟೆ, ಕೂದಲು ಕ್ಷಣದಲ್ಲಿ ಹೊತ್ತುತ್ತವೆ. ಅಂಥ ಕಡೆ ದೀಪ ಪ್ರಾರ್ಥನಾ ಕೋಣೆಯಲ್ಲಿ ಉರಿಯಲಿ, ಹಾಸಿಗೆಯಲ್ಲಿರುವವರ ಕೈಗೆ ಬ್ಯಾಟರಿ ದೀಪ ಕೊಟ್ಟು ಮೂಲ ದೀಪ ಎಲ್ಲಿದೆ ಎಂದು ಹೇಳಿ. ಹಾಗೆ ಹೇಳುವುದನ್ನು ಬಿಡಬೇಡಿ. ಅವರು ಕೇಳಿಸಿಕೊಳ್ಳಲು ಬಯಸುವುದೇ ಆ ದಾರಿಯ ಕಥೆಯನ್ನು.

ಸಾರ್ವಜನಿಕ ಹಂಚಿಕೆಗೆ ಒಂದೇ ದೀಪ ಇಟ್ಟರೆ ಸಾಲು ಬೆಳೆದು ನೂಕುನುಗ್ಗಲಾಗುತ್ತದೆ. ಮೂರು ಕಡೆ ಮೂರು ದೀಪ ಇಟ್ಟು, ಮೂಲ ಲಾಂದ್ರವನ್ನು ಹಿಂದೆ ಬೇರೆಯವರ ವಶದಲ್ಲಿಡಿ. ಬರಿಗೈಯಲ್ಲಿ ಬಂದವರಿಗಾಗಿ ಗಾಜಿನ ಬಟ್ಟಲಿನ ಬತ್ತಿಗಳಿರಲಿ, ಮನೆ ತಲುಪುವವರೆಗೆ ಅವು ತಾಳುತ್ತವೆ.

ಆರಿದರೆ

ದೀಪ ಆರಿತು ಎನ್ನದೆ ಶಾಂತವಾಯಿತು ಎನ್ನುವುದು ನಮ್ಮ ಮನೆಗಳ ರೂಢಿ. ಎಷ್ಟು ಜಾಗ್ರತೆ ಮಾಡಿದರೂ ಕೆಲವೊಮ್ಮೆ ಹಾಗಾಗುತ್ತದೆ. ಆಗ ಬೆಂಕಿಪೆಟ್ಟಿಗೆ ತೆಗೆಯಬೇಡಿ. ಯಾರೂ ಕಂಡುಹಿಡಿಯಲಾರರು, ನಿಜ. ಆದರೆ ನಿಮ್ಮಿಂದ ಪಡೆದವರೆಲ್ಲ ಗೊತ್ತಿಲ್ಲದೆ ಬೇರೆ ದೀಪ ಹಂಚಿದಂತಾಗುತ್ತದೆ. ಮಕ್ಕಳ ಕಣ್ಣೆದುರು ಹಾಗೆ ಮಾಡಿದರೆ ಈ ಇಡೀ ಕೆಲಸದಿಂದ ಅವರು ಕಲಿಯಬೇಕಾದದ್ದೇ ಹೋಯಿತು. ಎರಡನೇ ಲಾಂದ್ರದಿಂದ ಹಚ್ಚಿ. ಎರಡೂ ಆರಿದ್ದರೆ ಹತ್ತಿರದ ಚರ್ಚಿಗೋ ಪಕ್ಕದ ಊರಿನ ತಂಡಕ್ಕೋ ಹೋಗಿ. ಮೊದಲ ದಿನ ಯಾರು ಯಾರು ನಿಮ್ಮಿಂದ ಪಡೆದರು ಎಂಬ ಪಟ್ಟಿ ಇಟ್ಟಿದ್ದರೆ ಈಗ ಉಪಯೋಗಕ್ಕೆ ಬರುತ್ತದೆ. ನೀವು ಕೊಟ್ಟ ದೀಪವೇ ನಿಮಗೆ ಮರಳಿ ಸಿಗುತ್ತದೆ.

ಊರಿಗೆ ಬರುವಾಗ ವಿಮಾನದಲ್ಲಿ ಈ ದೀಪ ತರಬಹುದೇ ಎಂದರೆ, ಇಲ್ಲ. ಉರಿಯುವ ಬೆಂಕಿಯನ್ನು ಯಾವ ಪ್ರಯಾಣಿಕರೂ ವಿಮಾನದೊಳಗೆ ಒಯ್ಯುವಂತಿಲ್ಲ. ಕರ್ನಾಟಕದ ಸ್ಕೌಟ್ಸ್ ತಂಡವೋ ಚರ್ಚಿನ ಯುವಕರೋ ತಮ್ಮದೇ ದೀಪವನ್ನು ಒಂದು ಊರಿಂದ ಇನ್ನೊಂದು ಊರಿಗೆ ಹೀಗೆ ಒಯ್ಯುವುದಾದರೆ ಮೇಲಿನ ಕ್ರಮವೆಲ್ಲ ಹಾಗೆಯೇ ಸಲ್ಲುತ್ತದೆ. ಅದಕ್ಕೆ ಬೆತ್ಲೆಹೇಮಿನ ಹೆಸರು ಕೊಡದೆ, ಅದು ಹೊತ್ತಿದ ಊರಿನ ಹೆಸರೇ ಕೊಡಿ.

ಹಬ್ಬ ಮುಗಿದ ಮೇಲೆ

ಕೆಲವರು ಜನವರಿ 6ರ ಮೂರು ಜ್ಞಾನಿಗಳ ಹಬ್ಬದವರೆಗೂ ದೀಪ ಉಳಿಸಿಕೊಳ್ಳುತ್ತಾರೆ. ಆರಿಸುವಾಗ ಊದಬೇಡಿ, ಕಾದ ಮೇಣ ಸಿಡಿಯುತ್ತದೆ. ಡಬ್ಬಿ ಬತ್ತಿಗೆ ಮುಚ್ಚಳ ಹಾಕಿ, ಲಾಂದ್ರದ ಬತ್ತಿಯನ್ನು ಪೂರ್ತಿ ಕೆಳಗಿಳಿಸಿ. ತಣಿದ ಮೇಲೆ ಉಳಿದ ಎಣ್ಣೆಯನ್ನು ಅದರದೇ ಸೀಸೆಗೆ ಸೋಸಿ ತುಂಬಿ. ತೊಟ್ಟಿಯಲ್ಲೇ ವರ್ಷವಿಡೀ ಬಿಟ್ಟರೆ ಬತ್ತಿ ಅಂಟುಗಟ್ಟಿ ಮುಂದಿನ ಡಿಸೆಂಬರಿಗೆ ಎಣ್ಣೆ ಏರುವುದಿಲ್ಲ. ಗಾಜಿನ ಮಸಿಯನ್ನು ಒಣ ಕಾಗದದಿಂದ ಒರೆಸಿ, ಹೊಸ ಬತ್ತಿಯೊಂದನ್ನು ಲಾಂದ್ರದ ಹಿಡಿಗೆ ಕಟ್ಟಿಡಿ.